ತೆರೆದ ಲಿನಕ್ಸ್‌ನೊಳಗೆ ಬೀಗ ಹಾಕಿದ ಕಡತ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮ ಬ್ಯಾಚಿನವರು ಶಾಲೆಗೆ ಕೊಡುತ್ತಿರುವ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಲಿನಕ್ಸ್ ಹಾಕಿದ್ದೇವೆ. "ಅದು ಪುಕ್ಕಟೆಯಂತಲ್ಲಪ್ಪಾ?" ಎಂದು ಬೆಳಿಗ್ಗೆ ಹಿರಿಯರೊಬ್ಬರು ಕೇಳಿದರು. ಪುಕ್ಕಟೆ ಹೌದು, ಆದರೆ ಅದರ ಹೆಚ್ಚುಗಾರಿಕೆ ಅದಲ್ಲ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ಕರ್ನೆಲ್‌ನ ಸೋರ್ಸ್ ಕೋಡನ್ನು, ಅಂದರೆ ಮೂಲ ಬರಹವನ್ನು, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ಆದರೆ ಒಂದು ವಿಷಯವನ್ನು ಮಕ್ಕಳಿಂದ ಮುಚ್ಚಿಡಬಾರದು. ಲ್ಯಾಪ್‌ಟಾಪಿನ ವೈಫೈ ಚಿಪ್‌ನೊಳಗೆ ಅದರದ್ದೇ ಪುಟ್ಟ ಪ್ರೊಸೆಸರ್ ಇರುತ್ತದೆ. ಅದನ್ನು ನಡೆಸುವ ತಂತ್ರಾಂಶವೇ ಫರ್ಮ್‌ವೇರ್. ಎಷ್ಟೋ ಚಿಪ್‌ಗಳಲ್ಲಿ ಅದು ಕಾಯಂ ಆಗಿ ಕೂತಿರುವುದಿಲ್ಲ. ಯಂತ್ರ ಆನ್ ಮಾಡಿದಾಗಲೆಲ್ಲ ಕರ್ನೆಲ್ ಆ ಕಡತವನ್ನು ಡಿಸ್ಕಿನಿಂದ ತೆಗೆದು ಚಿಪ್‌ಗೆ ಕೊಡಬೇಕು. ಕಡತ ಬರುವುದು ಕಂಪನಿಯಿಂದ, ಬರೀ ಸೊನ್ನೆ-ಒಂದುಗಳ ರೂಪದಲ್ಲಿ. ಹಂಚಲು ಅನುಮತಿ ಇದ್ದರೂ ಸೋರ್ಸ್ ಕೋಡ್ ಸಿಗದು. ಸಾರು ಮಾಡುವುದು ನಮಗೆ ಗೊತ್ತು, ಪುಡಿಯೊಳಗೆ ಏನಿದೆಯೋ ಗೊತ್ತಿಲ್ಲ ಎಂದ ಹಾಗೆ.

ಲಿನಕ್ಸ್-ಲಿಬ್ರೆ ಎಂಬ ಯೋಜನೆಯವರು ಇಂಥದ್ದನ್ನೆಲ್ಲ ಕಿತ್ತುಹಾಕಿದ ಕರ್ನೆಲ್ ಕೊಡುತ್ತಾರೆ. ಡೆಬಿಯನ್ ಬಳಗವೂ ಬಹುಕಾಲ ಇವನ್ನು ತನ್ನ ಅಧಿಕೃತ ಇನ್‌ಸ್ಟಾಲರ್‌ನಿಂದ ಹೊರಗಿಟ್ಟಿತ್ತು. ಆಗಿನ ಪಾಡು ಕೇಳಿ: ವೈಫೈ ನಡೆಯಲು ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ತರಲು ಇಂಟರ್ನೆಟ್ ಬೇಕು! 2022ರಲ್ಲಿ ಸದಸ್ಯರು ಮತ ಹಾಕಿ ನಿಯಮ ಬದಲಿಸಿದರು. 2023ರ ಡೆಬಿಯನ್ 12ರಿಂದ ಈ ಕಡತಗಳು ಇನ್‌ಸ್ಟಾಲರ್‌ನಲ್ಲೇ ಇವೆ, ಆದರೆ ಮುಕ್ತವಲ್ಲದವು ಎಂದು ಹೆಸರಿಟ್ಟ ಪ್ರತ್ಯೇಕ ವಿಭಾಗದಲ್ಲಿ.

ನನಗೆ ಡೆಬಿಯನ್ನಿನ ದಾರಿಯೇ ಸರಿ ಎನಿಸುತ್ತದೆ. ಅದೇ ಫರ್ಮ್‌ವೇರನ್ನು ಕಾರ್ಖಾನೆಯಲ್ಲೇ ಚಿಪ್‌ನೊಳಗೆ ಬರೆದು ಕಳಿಸಿದರೂ ಅದು ಮುಚ್ಚಿದ್ದೇ. ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ನನ್ನ ಚಿಂತೆ ಬೇರೆ. ಕರ್ನೆಲ್‌ನಲ್ಲಿ ದೋಷ ಸಿಕ್ಕರೆ ಬಲ್ಲವರು ಯಾರಾದರೂ ತಿದ್ದಬಹುದು. ಫರ್ಮ್‌ವೇರ್‌ನಲ್ಲಿ ಭದ್ರತಾ ಲೋಪ ಸಿಕ್ಕರೆ ಕಂಪನಿಯೇ ತಿದ್ದಬೇಕು. ಹಳೆಯ ಚಿಪ್‌ಗಳನ್ನು ಕಂಪನಿ ಕೈಬಿಟ್ಟರೆ? ಶಾಲೆಗೆ ಬರುವುದು ಹಳೆಯ ಯಂತ್ರಗಳೇ ತಾನೆ!

ತೆರೆದ ಫರ್ಮ್‌ವೇರ್ ಇಲ್ಲವೇ ಇಲ್ಲ ಎಂದೇನಲ್ಲ. ಅಥೆರಾಸ್‌ನ ಎಆರ್ 9271 ಎಂಬ ಯುಎಸ್‌ಬಿ ವೈಫೈ ಚಿಪ್‌ನ ಫರ್ಮ್‌ವೇರ್ ಸೋರ್ಸ್ ಕೋಡ್ 2013ರಲ್ಲಿ ಹೊರಬಂತು. ಅಂಥ ಎರಡು ಅಡಾಪ್ಟರ್‌ಗಳನ್ನು ಲ್ಯಾಬ್‌ಗೆ ತಂದಿದ್ದೇವೆ. ಉಳಿದ ಲ್ಯಾಪ್‌ಟಾಪ್‌ಗಳಲ್ಲಿ ಮುಚ್ಚಿದ ಫರ್ಮ್‌ವೇರೇ ಇದೆ. ಯಾವುದರಲ್ಲಿ ಯಾವ ಕಡತ ಎಂಬ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೇವೆ. ಊಟದ ನಂತರ ಲ್ಯಾಬ್ ತೆರೆದಿರುತ್ತದೆ, ಒಂಬತ್ತನೇ ತರಗತಿಯವರು ಮೊದಲು ಬನ್ನಿ.