ಇನ್ನೊಬ್ಬರು ಮಾಡಿ ನೋಡುವಂತೆ ಬರೆಯೋಣ



 ರಸಾಯನ ವಿಜ್ಞಾನದ ಅಧ್ಯಾಪಕರ ಈ ಸಮ್ಮೇಳನದಲ್ಲಿ ಹೊಸ ಸಂಶೋಧನೆಗಳ ಬಗ್ಗೆ ಮುಂದಿನ ಗೋಷ್ಠಿಗಳಲ್ಲಿ ಬಲ್ಲವರು ಮಾತಾಡುತ್ತಾರೆ. ನಾವು ಮಕ್ಕಳಿಂದ ವರ್ಷವಿಡೀ ಮಾಡಿಸುವ, ಆದರೆ ಎಂದೂ ಕಲಿಸದ ಒಂದು ಕೆಲಸದ ಬಗ್ಗೆ ನಾನು ಹೇಳಬೇಕೆಂದಿದ್ದೇನೆ. ಅದು ಬರವಣಿಗೆ.

ಆಸ್ಪಿರಿನ್ ತಯಾರಿಕೆಯನ್ನೇ ತೆಗೆದುಕೊಳ್ಳಿ. ರೆಕಾರ್ಡ್ ಪುಸ್ತಕದಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ‘ಸ್ಯಾಲಿಸಿಲಿಕ್ ಆಮ್ಲಕ್ಕೆ ಅಸಿಟಿಕ್ ಅನ್‌ಹೈಡ್ರೈಡ್ ಸೇರಿಸಿ, ಸ್ವಲ್ಪ ಹೊತ್ತು ಬಿಸಿ ಮಾಡಿ, ತಣಿಸಿ ಸೋಸಲಾಯಿತು. ಉತ್ತಮ ಇಳುವರಿ ದೊರೆಯಿತು.’ ಇದಕ್ಕೆ ಪರೀಕ್ಷಕರು ಅಂಕ ಕೊಟ್ಟಾರು. ಇದನ್ನು ಓದಿಕೊಂಡು ಯಾರೂ ಆಸ್ಪಿರಿನ್ ಮಾಡಲಾರರು. ಆಮ್ಲ ಎಷ್ಟು ಗ್ರಾಂ? ಎಷ್ಟು ಡಿಗ್ರಿಯಲ್ಲಿ, ಎಷ್ಟು ನಿಮಿಷ ಬಿಸಿ ಮಾಡಿದ್ದು? ವೇಗವರ್ಧಕವಾಗಿ ಹನಿಸಿದ ಸಲ್ಫ್ಯೂರಿಕ್ ಆಮ್ಲದ ಮಾತೇ ಇಲ್ಲ. 2 ಗ್ರಾಂ ಸ್ಯಾಲಿಸಿಲಿಕ್ ಆಮ್ಲಕ್ಕೆ ಲೆಕ್ಕದ ಪ್ರಕಾರ ಸುಮಾರು 2.6 ಗ್ರಾಂ ಆಸ್ಪಿರಿನ್ ಬರಬೇಕು. ಕೈಗೆ ಸಿಕ್ಕಿದ್ದು 1.8 ಗ್ರಾಂ ಆದರೆ ಇಳುವರಿ ಶೇಕಡ 69. ಈ ಅಂಕಿ ಬರೆದ ಮೇಲೆ ‘ಉತ್ತಮ’ ಅನ್ನುವ ಹೊಗಳಿಕೆ ಬೇಕಿಲ್ಲ. ಫೆರಿಕ್ ಕ್ಲೋರೈಡ್ ಹಾಕಿದಾಗ ನೇರಳೆ ಬಣ್ಣ ಬಂತೆನ್ನಿ, ಸ್ಯಾಲಿಸಿಲಿಕ್ ಆಮ್ಲ ಇನ್ನೂ ಉಳಿದಿದೆ. ಅದನ್ನು ಮುಚ್ಚಿಟ್ಟು ‘ಶುದ್ಧ’ ಎಂದು ಬರೆದರೆ ಕೆಟ್ಟದ್ದು ವಾಕ್ಯವಲ್ಲ, ಪ್ರಯೋಗವೇ.

ಸಾವಯವ ಸಂಯುಕ್ತಗಳ ತಯಾರಿಕಾ ವಿಧಾನಗಳನ್ನು ಪ್ರಕಟಿಸುವ, ಅಮೆರಿಕದಲ್ಲಿ 1921ರಲ್ಲಿ ಶುರುವಾದ ‘ಆರ್ಗ್ಯಾನಿಕ್ ಸಿಂಥೆಸೀಸ್’ ಸಂಪುಟಗಳನ್ನು ನೀವು ಬಲ್ಲಿರಿ. ಲೇಖಕರು ಕಳಿಸಿದ ವಿಧಾನವನ್ನು ಸಂಪಾದಕ ಮಂಡಳಿಯವರ ಪ್ರಯೋಗಾಲಯದಲ್ಲಿ ಇನ್ನೊಮ್ಮೆ ಮಾಡಿ ನೋಡುತ್ತಾರೆ. ಹೇಳಿದಂತೆ ಬಂದರಷ್ಟೇ ಅಚ್ಚು. ಮಾಡಿ ನೋಡಿದವರ ಹೆಸರೂ ಅಲ್ಲಿರುತ್ತದೆ. ರಸಾಯನಜ್ಞರ ಬರಹಕ್ಕೆ ಇದಕ್ಕಿಂತ ನಿಷ್ಠುರವಾದ ವಿಮರ್ಶೆ ಇನ್ನೊಂದಿಲ್ಲ.

ಸಂಶೋಧನೆಗೆ ಹೋಗದವರಿಗೆ ಇದೆಲ್ಲ ಏಕೆ ಎನ್ನಬೇಡಿ. ನಮ್ಮ ಮಕ್ಕಳು ಕೆಲಸಕ್ಕೆ ಸೇರುವ ಜಿಗಣಿ, ಬೊಮ್ಮಸಂದ್ರದ ಔಷಧ ಕಂಪನಿಗಳಲ್ಲಿ ಮೊದಲ ವಾರವೇ ಕೈಗೆ ಬರುವುದು ಬ್ಯಾಚ್ ರೆಕಾರ್ಡ್, ಅಂದರೆ ಪ್ರತಿ ತಯಾರಿಕೆಯ ಹಂತ ಹಂತದ ದಾಖಲೆ. ಬರೆಯದಿದ್ದರೆ ಮಾಡಿಲ್ಲವೆಂದೇ ಅಲ್ಲಿ ಲೆಕ್ಕ. ತಪ್ಪಾದರೆ ವೈಟ್ನರ್ ಬಳಿಯುವಂತಿಲ್ಲ. ಹಳೆಯದು ಕಾಣುವಂತೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಸಹಿ, ತಾರೀಖು ಹಾಕಬೇಕು. ನಾವಾದರೋ ಗೀಚಿದ ಪುಟ ಕಂಡರೆ ಹರಿದು ‘ನೀಟಾಗಿ ಬರೆದುಕೊಂಡು ಬಾ’ ಎನ್ನುತ್ತೇವೆ!

ಇನ್ನೊಂದು ತೊಡಕು ಇಂಗ್ಲಿಷಿನದು. ಕನ್ನಡ ಮಾಧ್ಯಮದಿಂದ ಬಂದ ಸಂಶೋಧನಾ ವಿದ್ಯಾರ್ಥಿ ಭಯಕ್ಕೆ ಬಿದ್ದು ಹಳೆಯ ಪ್ರಬಂಧಗಳ ವಾಕ್ಯಗಳನ್ನೇ ಎತ್ತಿ ಹಾಕುತ್ತಾನೆ. ಕೃತಿಚೌರ್ಯದ ಆರೋಪ ಹೊರುತ್ತಾನೆ. ಅಂಥವರಿಗೆ ನನ್ನ ಸಲಹೆ ಇಷ್ಟೆ: ಮಾಡಿದ್ದನ್ನು, ಕಂಡದ್ದನ್ನು ಆ ದಿನವೇ ಕನ್ನಡದಲ್ಲಿ ಬರೆದಿಡಿ, ಆಮೇಲೆ ಇಂಗ್ಲಿಷಿಗೆ ತನ್ನಿ. ವಿಷಯ ನಿಮ್ಮದಾದರೆ ವಾಕ್ಯವೂ ನಿಮ್ಮದಾಗುತ್ತದೆ. ಕನ್ನಡದಲ್ಲಿ ವಿಜ್ಞಾನ ಬರೆಯುವುದು ಹೊಸತೂ ಅಲ್ಲ: ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ 1918ರಲ್ಲೇ ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದರು. ಮೈಸೂರಿನಲ್ಲಿ ರಸಾಯನ ವಿಜ್ಞಾನ ಕಲಿಸಿದ ಜೆ.ಆರ್. ಲಕ್ಷ್ಮಣರಾಯರು ಕನ್ನಡದಲ್ಲಿ ವಿಜ್ಞಾನವನ್ನು ತಿಳಿಯಾಗಿ ಬರೆದರು. ಈ ಭಾಷೆಗೆ ಆ ಕಸುವು ಉಂಟು.

ಕೊನೆಯದಾಗಿ, ಸಮ್ಮೇಳನದ ಮುಂದೆ ಎರಡು ಸೂಚನೆ. ಒಂದು, ರೆಕಾರ್ಡ್‌ನ ಅಂದಕ್ಕೆ ಕೊಡುವ ಅಂಕಗಳನ್ನು ಪ್ರಯೋಗದ ಮೇಜಿನ ಮೇಲೇ ಬರೆದ ಅಬ್ಸರ್ವೇಷನ್ ಪುಸ್ತಕಕ್ಕೆ ವರ್ಗಾಯಿಸೋಣ. ಎರಡು, ಸೆಮಿಸ್ಟರಿಗೆ ಒಂದು ಪ್ರಯೋಗವನ್ನಾದರೂ ಒಂದು ಬ್ಯಾಚಿನವರು ಬರೆದುಕೊಡಲಿ, ಇನ್ನೊಂದು ಬ್ಯಾಚಿನವರು ಆ ಬರಹವನ್ನಷ್ಟೇ ನೋಡಿ ಮಾಡಲಿ. ಎಲ್ಲಿ ಕೈ ನಿಂತಿತೋ ಅಲ್ಲಿ ಗುರುತು ಹಾಕಿ ಬರೆದವರಿಗೇ ಹಿಂದಿರುಗಿಸಲಿ. ಇದಕ್ಕೆ ಹೊಸ ಉಪಕರಣವೂ ಬೇಡ, ಅನುದಾನವೂ ಬೇಡ. ಬರುವ ಸೆಮಿಸ್ಟರಿನಿಂದಲೇ ಶುರುಮಾಡಬಹುದು. ಇವೆರಡನ್ನೂ ನಿರ್ಣಯವಾಗಿ ಅಂಗೀಕರಿಸಬೇಕೆಂದು ಕೋರುತ್ತಾ ನನ್ನ ಮಾತು ಮುಗಿಸುತ್ತೇನೆ.