ಏರಿಳಿತಕ್ಕೂ ಒಂದು ಬೆಲೆ



ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡಿಗರ ಮನೆಗಳಿಗೆ ಷೇರು ಹಳೆಯ ಪರಿಚಯ. ಬ್ಯಾಂಕಿನಲ್ಲೋ ವಿಮಾ ಕಚೇರಿಯಲ್ಲೋ ದುಡಿದ ಹಿರಿಯರು ಕೈಯಲ್ಲಿ ನಾಲ್ಕು ಕಾಸು ಉಳಿದಾಗ ಒಳ್ಳೆಯ ಕಂಪನಿಯ ಷೇರಿಗೆ ಅರ್ಜಿ ಹಾಕುತ್ತಿದ್ದರು. ಸಿಕ್ಕರೆ ಕಪಾಟಿನಲ್ಲಿಟ್ಟು ಮರೆತುಬಿಡುತ್ತಿದ್ದರು. ಈಗ ಅದೇ ಮನೆಗಳ ಮಕ್ಕಳ ಬಾಯಲ್ಲಿ ಬೇರೆ ಮಾತು: ಕಾಲ್, ಪುಟ್, ಪ್ರೀಮಿಯಂ, ಎಕ್ಸ್‌ಪೈರಿ. ಬೆಳಗ್ಗೆ ಒಂಬತ್ತೂ ಕಾಲಿಗೆ ಪೇಟೆ ತೆರೆಯುವಾಗ ಎಷ್ಟೋ ಜನ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲೇ ಇರುತ್ತಾರೆ. ವ್ಯಾಪಾರ ಮೊಬೈಲಿನಲ್ಲೇ ನಡೆದುಹೋಗುತ್ತದೆ. ಈ ಆಪ್ಷನ್ ವ್ಯಾಪಾರ, ಅದರಲ್ಲೂ ಬೆಲೆಯ ಏರಿಳಿತವನ್ನೇ ಸರಕು ಮಾಡಿಕೊಂಡ ವ್ಯಾಪಾರ, ಎಲ್ಲಿಂದ ಹೊರಟು ನಮ್ಮ ಅಂಗೈಗೆ ಬಂತು ಎಂಬುದೇ ಇಂದಿನ ವಿಷಯ.

ಒಂದು ಷೇರನ್ನು ಇಂಥ ದಿನ ಇಂಥ ಬೆಲೆಗೆ ಕೊಳ್ಳುವ ಹಕ್ಕು ಕಾಲ್. ಮಾರುವ ಹಕ್ಕು ಪುಟ್. ಆಪ್ಷನ್ ಎಂದರೆ ಈ ಹಕ್ಕುಗಳೇ. ಹಕ್ಕು ಕೊಂಡವನು ಅದಕ್ಕೆ ಪ್ರೀಮಿಯಂ ಎಂಬ ಬೆಲೆ ಕೊಡುತ್ತಾನೆ. ತನಗೆ ಅನುಕೂಲವಿಲ್ಲದಿದ್ದರೆ ಸುಮ್ಮನಿರಬಹುದು, ಕಳೆದುಕೊಳ್ಳುವುದು ಆ ಪ್ರೀಮಿಯಂ ಅಷ್ಟೇ. ಹಕ್ಕು ಮಾರಿದವನಿಗೆ ಆ ಸ್ವಾತಂತ್ರ್ಯವಿಲ್ಲ. ಕೊಂಡವನು ಕೇಳಿದ ದಿನ ಕೊಟ್ಟ ಮಾತು ನಡೆಸಲೇಬೇಕು, ನಷ್ಟ ಎಷ್ಟಾದರೂ ಸರಿ. ಒಂದು ಷೇರಿನ ಬೆಲೆ ಕದಲುವುದೇ ಇಲ್ಲವೆಂದು ಎಲ್ಲರಿಗೂ ಗೊತ್ತಿದ್ದರೆ ಇಂಥ ಹಕ್ಕಿಗೆ ಯಾರೂ ಬಿಡಿಗಾಸು ಕೊಡುವುದಿಲ್ಲ. ಅದು ಎಷ್ಟು ಜಿಗಿದಾಡಬಹುದೆಂಬ ಅಂದಾಜು ಹೆಚ್ಚಿದಂತೆ ಪ್ರೀಮಿಯಂ ಏರುತ್ತದೆ. ಅಂದರೆ ಈ ಪೇಟೆಯಲ್ಲಿ ಕೈ ಬದಲಾಗುವುದು ಅನಿಶ್ಚಯ. ಬೆಲೆಯ ದಿಕ್ಕನ್ನು ಮಾತ್ರ ನೋಡಿ ಅನಿಶ್ಚಯದ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದವರು ಪ್ರತಿ ಕಾಲದಲ್ಲೂ ಪೆಟ್ಟು ತಿಂದಿದ್ದಾರೆ. ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ.

ಮುಂಬಯಿಯಲ್ಲಿ ಈ ಕತೆ ಹತ್ತಿಯಿಂದ ಶುರುವಾಗುತ್ತದೆ. ಅದರಲ್ಲಿ ಈ ಊರುಗಳಿಗೂ ಪಾಲಿದೆ, ನಮ್ಮ ನಾಡಿಗೂ ಪಾಲಿದೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. ಮರುವರ್ಷ ಹಳಿ ಕಲ್ಯಾಣ್ ಮುಟ್ಟಿತು. ಅಲ್ಲಿಂದ ಮುಂದೆ ದಾರಿ ಕವಲೊಡೆದು ಒಂದು ಭೋರ್ ಘಾಟ್ ಹತ್ತಿ ಪುಣೆಯತ್ತ, ಇನ್ನೊಂದು ಥಳ್ ಘಾಟ್ ಹತ್ತಿ ನಾಸಿಕ್, ಖಾನದೇಶದತ್ತ ಹೋಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿಗಳಿಗೆ ಸಿಗದಂತಾದಾಗ, ಒಳನಾಡಿನ ಹತ್ತಿ ಈ ದಾರಿಯಲ್ಲೂ ಮುಂಬಯಿಗೆ ಇಳಿಯಿತು. ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು, ಕುಮಟೆ ಮತ್ತು ಕಾರವಾರದಿಂದ ಸಮುದ್ರದ ಮೇಲೆ ಅದೇ ಮುಂಬಯಿ ಸೇರುತ್ತಿತ್ತು. ‘ಧಾರವಾಡ-ಅಮೆರಿಕನ್’, ‘ಕುಮಟಾ’ ಎಂಬ ಹೆಸರುಗಳಲ್ಲೇ ಪೇಟೆ ಅದನ್ನು ಗುರುತಿಸುತ್ತಿತ್ತು.

ಹತ್ತಿಯಿಂದ ಬಂದ ಹಣ ಷೇರುಗಳಿಗೆ ಹರಿಯಿತು. ದಲಾಲ ಪ್ರೇಮಚಂದ್ ರಾಯಚಂದ್ ಹೆಸರು ಮನೆಮಾತಾಯಿತು. ಬ್ಯಾಂಕು, ಹಣಕಾಸು ಸಂಸ್ಥೆ, ಸಮುದ್ರ ಹೂಳಿ ನೆಲ ಮಾಡುವ ಕಂಪನಿ ಹೀಗೆ ಏನು ಹುಟ್ಟಿದರೂ ಜನ ಮುಗಿಬಿದ್ದು ಕೊಂಡರು. ಕೈಯಲ್ಲಿ ಹಣವಿಲ್ಲದವರು ವಾಯಿದೆಯ ಮೇಲೆ, ಅಂದರೆ ಮುಂದೊಂದು ದಿನ ಹಣ ಕೊಡುವ ಕರಾರಿನ ಮೇಲೆ, ಕೊಂಡರು. 1865ರ ಏಪ್ರಿಲಿನಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. ಆ ಎಲ್ಲ ವಾಯಿದೆಗಳು ಪಕ್ವವಾಗಬೇಕಿದ್ದದ್ದು ಜುಲೈ 1ರಂದು. ಅಂದು ಕೊಟ್ಟ ಮಾತು ಉಳಿಸಿಕೊಳ್ಳುವ ಶಕ್ತಿ ಬಹುಮಂದಿಗೆ ಇರಲಿಲ್ಲ. ಬಾಂಬೆ ಬ್ಯಾಂಕ್ ಸಮೇತ ಎಷ್ಟೋ ಸಂಸ್ಥೆಗಳು ಮುಳುಗಿದವು. ವಾಯಿದೆ ವ್ಯಾಪಾರಕ್ಕೆ ಆ ಊರಿನಲ್ಲಿ ಅಂಟಿದ ಮೊದಲ ಕಳಂಕ ಅದು. ಪಂದ್ಯದ ಸ್ವರೂಪದ ಕರಾರುಗಳಿಗೆ ಕಾನೂನಿನ ಬೆಂಬಲ ತಪ್ಪಿಸುವ ಮುಂಬಯಿ ಪ್ರಾಂತದ ಕಾಯ್ದೆಯೂ 1865ರದ್ದೇ.

ಟೌನ್‌ಹಾಲಿನ ಮುಂದೆ ಆಲದ ಮರದ ಕೆಳಗೆ ಸೇರುತ್ತಿದ್ದ ದಲಾಲರು 1875ರಲ್ಲಿ ತಮ್ಮದೊಂದು ಸಂಘ ಕಟ್ಟಿಕೊಂಡರು. ಅದೇ ಇಂದಿನ ಬಾಂಬೆ ಷೇರುಪೇಟೆ. ಆಪ್ಷನ್ ಕೂಡ ಮುಂಬಯಿಗೆ ಪರದೇಶದಿಂದ ಇತ್ತೀಚೆಗೆ ಬಂದದ್ದೆಂದು ತಿಳಿಯಬಾರದು. ಹತ್ತಿ, ಎಣ್ಣೆಬೀಜ, ಬೆಳ್ಳಿ ಬಂಗಾರದ ಪೇಟೆಗಳಲ್ಲಿ ‘ತೇಜಿ’, ‘ಮಂದಿ’ ಎಂಬ ಕರಾರುಗಳಿದ್ದವು. ಮುಂಗಡ ಹಣ ಕೊಟ್ಟು ಗೊತ್ತಾದ ದರಕ್ಕೆ ಕೊಳ್ಳುವ ಹಕ್ಕು ಪಡೆದರೆ ತೇಜಿ, ಮಾರುವ ಹಕ್ಕು ಪಡೆದರೆ ಮಂದಿ, ಎರಡನ್ನೂ ಸೇರಿಸಿ ಕೊಂಡರೆ ತೇಜಿ-ಮಂದಿ. ಬೆಲೆ ಮೇಲೆ ಹೋಗುವುದೋ ಕೆಳಗೆ ಬೀಳುವುದೋ ಗೊತ್ತಿಲ್ಲ, ಜೋರಾಗಿ ಕದಲುವುದಂತೂ ಖಂಡಿತ ಎನ್ನುವ ವ್ಯಾಪಾರಿ ತೇಜಿ-ಮಂದಿ ಕೊಳ್ಳುತ್ತಿದ್ದ. ಇಂದಿನ ಹುಡುಗರು ಸ್ಟ್ರಾಡಲ್ ಎಂದು ಕರೆಯುವುದು ಅದನ್ನೇ. ಇದು ವ್ಯಾಪಾರವೋ ಜೂಜೋ ಎಂಬ ಪ್ರಶ್ನೆ ಮುಂಬಯಿ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಕಡೆಗೆ ಸ್ವತಂತ್ರ ಭಾರತದ ಸರ್ಕಾರ ಅದು ಬೇಡವೆಂದೇ ತೀರ್ಮಾನಿಸಿತು. 1952ರ ವಾಯಿದೆ ಕರಾರು ಕಾಯ್ದೆ ಸರಕುಗಳ ಆಪ್ಷನ್ನನ್ನು ನಿಷೇಧಿಸಿತು, 1956ರ ಕಾಯ್ದೆ ಷೇರುಗಳ ಆಪ್ಷನ್ನನ್ನು. 1969ರ ಜೂನ್ 27ರ ಆದೇಶದಿಂದ ಷೇರುಗಳ ವಾಯಿದೆ ವ್ಯಾಪಾರವೂ ನಿಂತಿತು.

ನಿಷೇಧದಿಂದ ಆಸೆ ಸಾಯಲಿಲ್ಲ. ಹತ್ತಿಯ ದರದ ಅಂಕಿಯ ಮೇಲೆ ಪಣ ಕಟ್ಟುವ ಚಾಳಿ ಮಟ್ಕಾ ಆಗಿ ಬೀದಿಗಿಳಿಯಿತು. ಷೇರುಪೇಟೆಯ ಒಳಗೆ ‘ಬದ್ಲಾ’ ಬೆಳೆಯಿತು: ಕೊಂಡ ಷೇರಿಗೆ ಹಣ ಕಟ್ಟದೆ, ಬಡ್ಡಿ ತೆತ್ತು ಲೆಕ್ಕವನ್ನು ಮುಂದಿನ ಅವಧಿಗೆ ದೂಡುವ ಪದ್ಧತಿ. ಅದರಲ್ಲಿ ಅನಿಶ್ಚಯಕ್ಕೆ ಪ್ರತ್ಯೇಕ ಬೆಲೆಯೇ ಇರಲಿಲ್ಲ. ಎಲ್ಲವೂ ಬಡ್ಡಿಯೊಳಗೆ ಮುಚ್ಚಿಹೋಗುತ್ತಿತ್ತು. ಬದ್ಲಾದ ದೊಡ್ಡ ದೋಷ ಅದೇ ಎಂದು ನನಗನ್ನಿಸುತ್ತದೆ.

ನಾವು ಬಾಗಿಲು ಮುಚ್ಚಿಕೊಂಡಿದ್ದ ಕಾಲದಲ್ಲೇ ಅಮೆರಿಕದಲ್ಲಿ ಅದು ತೆರೆಯಿತು. 1973ರ ಏಪ್ರಿಲ್ 26ರಂದು ಶಿಕಾಗೋದಲ್ಲಿ ಆಪ್ಷನ್‌ಗಳಿಗಾಗಿಯೇ ಒಂದು ಪೇಟೆ ಶುರುವಾಯಿತು. ಅದೇ ವರ್ಷ ಫಿಶರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಆಪ್ಷನ್ನಿನ ಬೆಲೆ ಕಟ್ಟುವ ಸೂತ್ರ ಪ್ರಕಟಿಸಿದರು. ಅದಕ್ಕೆ ಐದು ಅಂಶ ಬೇಕು. ಷೇರಿನ ಇಂದಿನ ಬೆಲೆ, ಒಪ್ಪಿದ ಬೆಲೆ, ಉಳಿದ ಕಾಲ, ಬಡ್ಡಿದರ ಈ ನಾಲ್ಕೂ ಕಣ್ಣಿಗೆ ಕಾಣುತ್ತವೆ. ಐದನೆಯದು ಮುಂದಿನ ದಿನಗಳ ಏರಿಳಿತ, ಅದು ಯಾರಿಗೂ ಕಾಣದು. ಪೇಟೆಯಲ್ಲಿ ನಡೆಯುತ್ತಿರುವ ಪ್ರೀಮಿಯಮ್ಮನ್ನು ಸೂತ್ರದೊಳಗೆ ಹಿಂದುಮುಂದಾಗಿ ಹಾಕಿದರೆ ಜನ ಎಷ್ಟು ಏರಿಳಿತ ನಿರೀಕ್ಷಿಸುತ್ತಿದ್ದಾರೆಂದು ತಿಳಿಯುತ್ತದೆ. ಅಂದಿನಿಂದ ಏರಿಳಿತಕ್ಕೇ ಒಂದು ದರ ಬಂತು. ಆ ದರ ಹೆಚ್ಚೆನಿಸಿದಾಗ ಮಾರುವುದು, ಕಡಿಮೆಯೆನಿಸಿದಾಗ ಕೊಳ್ಳುವುದು ಒಂದು ಕಸುಬಾಯಿತು. ಶೋಲ್ಸ್ ಮತ್ತು ಆ ಸೂತ್ರವನ್ನು ಬೆಳೆಸಿದ ರಾಬರ್ಟ್ ಮರ್ಟನ್ 1997ರಲ್ಲಿ ನೊಬೆಲ್ ಪಡೆದರು. ಅವರಿಬ್ಬರೂ ಪಾಲುದಾರರಾಗಿದ್ದ ಎಲ್‌ಟಿಸಿಎಂ ಎಂಬ ಹೂಡಿಕೆ ಸಂಸ್ಥೆ ಏರಿಳಿತ ತಗ್ಗುವುದೆಂದು ನೆಚ್ಚಿ ಭಾರಿ ಪ್ರಮಾಣದಲ್ಲಿ ಅದನ್ನು ಮಾರಿತ್ತು. ಮರುವರ್ಷ ರಷ್ಯಾ ಸಾಲ ತೀರಿಸಲಾರೆನೆಂದಾಗ ಏರಿಳಿತ ಹೆಚ್ಚಿ ಸಂಸ್ಥೆ ಕುಸಿಯಿತು. ಅದನ್ನು ಎತ್ತಲು ದೊಡ್ಡ ಬ್ಯಾಂಕುಗಳು ಸೇರಿ ಸುಮಾರು 360 ಕೋಟಿ ಡಾಲರ್ ಹಾಕಬೇಕಾಯಿತು. ಸೂತ್ರ ಬಲ್ಲವರಿಗೇ ಹೀಗಾಯಿತೆಂಬುದನ್ನು ಆಪ್ಷನ್ ಮಾರುವವರು ನೆನಪಿನಲ್ಲಿಟ್ಟುಕೊಳ್ಳಬೇಕು.

ನಮ್ಮಲ್ಲಿ ಆಪ್ಷನ್ ಮೇಲಿನ ನಿಷೇಧ ತೆರವಾದದ್ದು 1995ರಲ್ಲಿ. ಇಂಥ ವ್ಯಾಪಾರ ಹೇಗಿರಬೇಕೆಂದು ಪರಿಶೀಲಿಸಿದ ಎಲ್.ಸಿ. ಗುಪ್ತಾ ಸಮಿತಿ 1998ರಲ್ಲಿ ವರದಿ ಕೊಟ್ಟಿತು, 1999ರ ಕೊನೆಗೆ ಕಾನೂನು ತಿದ್ದುಪಡಿಯಾಯಿತು, 2000ದ ಜೂನ್‌ನಲ್ಲಿ ಸೂಚ್ಯಂಕದ ವಾಯಿದೆ, ಅಂದರೆ ಫ್ಯೂಚರ್ಸ್, ಬಂತು, ಮರುವರ್ಷದ ಜೂನ್‌ನಲ್ಲಿ ಸೂಚ್ಯಂಕದ ಆಪ್ಷನ್. ಆಮೇಲಿನ ದಿನಾಂಕವನ್ನು ಗಮನಿಸಿ: 2001ರ ಜುಲೈ 2. ಅದೇ ವರ್ಷದ ಮಾರ್ಚಿನಲ್ಲಿ ಷೇರುಪೇಟೆ ಕುಸಿದ ಬಳಿಕ ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಬದ್ಲಾಕ್ಕೆ ಕೊನೆ ಹಾಡಿದ್ದು ಆ ದಿನ. ರಾಷ್ಟ್ರೀಯ ಷೇರುಪೇಟೆ ಎನ್‌ಎಸ್‌ಇಯಲ್ಲಿ ಒಂದೊಂದು ಕಂಪನಿಯ ಷೇರಿನ ಮೇಲೆ ಆಪ್ಷನ್ ವಹಿವಾಟು ಶುರುವಾದದ್ದೂ ಅದೇ ದಿನ.

ಷೇರು ಆಪ್ಷನ್ನಿನಲ್ಲಿ ಏರಿಳಿತದ ಆಟ ನೋಡಬೇಕೆಂದರೆ ಬೆಂಗಳೂರಿನ ಇನ್ಫೋಸಿಸ್ ಫಲಿತಾಂಶದ ದಿನಗಳನ್ನು ನೋಡಬೇಕು. 2003ರ ಏಪ್ರಿಲ್ 10ರಂದು ಮುಂದಿನ ವರ್ಷದ ಅಂದಾಜು ಸಪ್ಪೆಯಾಗಿದೆಯೆಂದು ಆ ಷೇರು ಒಂದೇ ದಿನ ಕಾಲುಭಾಗಕ್ಕೂ ಹೆಚ್ಚು ಬೆಲೆ ಕಳೆದುಕೊಂಡಿತು. 2013ರಲ್ಲಂತೂ ಜನವರಿ 11ರಂದು ಸುಮಾರು ಶೇ. 17 ಏರಿ, ಏಪ್ರಿಲ್ 12ರಂದು ಸುಮಾರು ಶೇ. 21 ಬಿತ್ತು. ಇದನ್ನು ಕಂಡ ವ್ಯಾಪಾರಿಗಳು ಫಲಿತಾಂಶಕ್ಕೆ ಮುನ್ನ ಕಾಲ್, ಪುಟ್ ಎರಡನ್ನೂ ಕೊಳ್ಳತೊಡಗಿದರು. ಎಲ್ಲರೂ ಕೊಂಡರೆ ಪ್ರೀಮಿಯಂ ಊದಿಕೊಳ್ಳುತ್ತದೆ. ಫಲಿತಾಂಶ ಬಂದ ಗಳಿಗೆಯಲ್ಲಿ ಅನಿಶ್ಚಯ ಕರಗಿ ಪ್ರೀಮಿಯಂ ಜರ್ರನೆ ಇಳಿಯುತ್ತದೆ. ಷೇರು ನಾಲ್ಕೈದು ಶೇಕಡಾ ಕದಲಿದರೂ ಎರಡೂ ಕಡೆ ಕೊಂಡವನಿಗೆ ನಷ್ಟವಾಗುವುದು ಹೀಗೆ. ಅವನ ಊಹೆ ಸರಿಯಾಗಿತ್ತು, ಆದರೆ ಕೊಟ್ಟ ಬೆಲೆ ಹೆಚ್ಚಾಗಿತ್ತು. ಇನ್ನೊಂದು ವಿಷಯ: 2019ರ ಅಕ್ಟೋಬರಿನಿಂದ ಷೇರು ಆಪ್ಷನ್‌ಗಳ ತೀರುವಳಿ ಷೇರಿನಲ್ಲೇ ಆಗುತ್ತದೆ. ಲಾಭದಲ್ಲಿರುವ ಕಾಲನ್ನು ಕೊನೆಯ ದಿನದವರೆಗೆ ಇಟ್ಟುಕೊಂಡರೆ ಇಡೀ ಲಾಟಿನ, ಅಂದರೆ ಒಂದು ಕರಾರಿನ ಅಷ್ಟೂ, ಷೇರಿಗೆ ಹಣ ಹೊಂದಿಸಬೇಕು, ಲಕ್ಷಗಳಲ್ಲಿ.

ಏರಿಳಿತದ ಅಳತೆಗೋಲು ನಮಗೆ ದೊರೆತದ್ದು 2008ರಲ್ಲಿ. ಅಮೆರಿಕದ ವಿಐಎಕ್ಸ್ ಮಾದರಿಯಲ್ಲಿ ಎನ್‌ಎಸ್‌ಇ ‘ಇಂಡಿಯಾ ವಿಐಎಕ್ಸ್’ ಆರಂಭಿಸಿತು. ಎನ್‌ಎಸ್‌ಇಯ ಪ್ರಮುಖ ಸೂಚ್ಯಂಕವಾದ ನಿಫ್ಟಿಯ ಆಪ್ಷನ್‌ಗಳ ದರದಿಂದ ಲೆಕ್ಕ ಹಾಕಿ, ಮುಂದಿನ 30 ದಿನಗಳಲ್ಲಿ ಪೇಟೆ ನಿರೀಕ್ಷಿಸುವ ಏರಿಳಿತವನ್ನು ವಾರ್ಷಿಕ ಶೇಕಡಾದಲ್ಲಿ ಅದು ಹೇಳುತ್ತದೆ. ವಿಐಎಕ್ಸ್ 15 ಇದ್ದರೆ ಅದನ್ನು 12ರ ವರ್ಗಮೂಲದಿಂದ ಭಾಗಿಸಿ. ತಿಂಗಳಿಗೆ ಸುಮಾರು ಶೇ. 4.3. ನಿಫ್ಟಿ 25,000ದಲ್ಲಿದ್ದರೆ ತಿಂಗಳಲ್ಲಿ ಸುಮಾರು 1,080 ಅಂಶ ಮೇಲೆ ಇಲ್ಲವೇ ಕೆಳಗೆ, ಅದೂ ಮೂರರಲ್ಲಿ ಎರಡು ಪಾಲು ಸಂಭವ. ಯಾವ ಕಡೆಗೆಂದು ಅದು ಹೇಳುವುದಿಲ್ಲ. ವಿಶ್ವದ ಹಣಕಾಸು ಬಿಕ್ಕಟ್ಟಿನಲ್ಲಿ, 2008ರ ನವೆಂಬರಿನಲ್ಲಿ, ಅದು 90 ದಾಟಿತ್ತು. ಕೊರೊನಾ ಹೊತ್ತಿನಲ್ಲಿ, 2020ರ ಮಾರ್ಚಿನಲ್ಲಿ, ಮತ್ತೆ 80ರ ಮೇಲೆ ಹೋಯಿತು.

2024ರ ಜೂನ್ 4, ಲೋಕಸಭೆಯ ಮತ ಎಣಿಕೆಯ ದಿನವನ್ನು ನಾನು ಬಿಡಿಸಿ ಹೇಳಬೇಕು. ನಿಫ್ಟಿ ಸುಮಾರು ಶೇ. 6 ಬಿತ್ತು, ವಿಐಎಕ್ಸ್ ಒಂದು ಹಂತದಲ್ಲಿ 30 ದಾಟಿತು. ಪೇಟೆ ಬೀಳುವುದಿಲ್ಲವೆಂದು ಪುಟ್ ಮಾರಿದ್ದವರ ತಿಂಗಳುಗಳ ಗಳಿಕೆ ಗಂಟೆಗಳಲ್ಲಿ ಹೋಯಿತು. ಮರುದಿನ ನಿಫ್ಟಿ ಶೇ. 3ಕ್ಕೂ ಹೆಚ್ಚು ಏರಿತು, ವಿಐಎಕ್ಸ್ 20ರ ಕೆಳಗೆ ಬಂತು. ಭಯದ ನಡುವೆ ದುಬಾರಿ ಪ್ರೀಮಿಯಂ ಕೊಟ್ಟು ಕಾಲ್ ಕೊಂಡವರಿಗೆ, ದಿಕ್ಕು ಸರಿಯಿದ್ದರೂ, ನಿರೀಕ್ಷಿಸಿದಷ್ಟು ದಕ್ಕಲಿಲ್ಲ. ಏರಿಳಿತಕ್ಕೂ ಒಂದು ಬೆಲೆಯಿದೆ ಎಂಬುದು ಎರಡೇ ದಿನದಲ್ಲಿ ಎರಡೂ ಕಡೆಯವರಿಗೆ ಕಂಡಿತು.

ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಕಳವಳ ತರುವ ತಿರುವು 2016ರದ್ದು. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಇದ್ದ ಎಕ್ಸ್‌ಪೈರಿ, ಅಂದರೆ ಕರಾರಿನ ಅವಧಿ ಮುಗಿಯುವ ದಿನ, ಆ ವರ್ಷದ ಮೇ ತಿಂಗಳಿನಲ್ಲಿ ಬ್ಯಾಂಕುಗಳ ಸೂಚ್ಯಂಕವಾದ ಬ್ಯಾಂಕ್ ನಿಫ್ಟಿಗೆ, 2019ರಲ್ಲಿ ನಿಫ್ಟಿಗೆ, ವಾರಕ್ಕೊಮ್ಮೆ ಆಯಿತು. ಅವಧಿ ಕಿರಿದಾದಂತೆ ಪ್ರೀಮಿಯಂ ಅಗ್ಗವಾಯಿತು, ಕೆಲವೇ ನೂರು ರೂಪಾಯಿಗೂ ಕೈಹಾಕಬಹುದಾಯಿತು. ಬೆಳೆದ ಹತ್ತಿಗೆ, ಇಟ್ಟುಕೊಂಡ ಷೇರಿಗೆ ವಿಮೆಯಾಗಿ ಹುಟ್ಟಿದ ಕರಾರು ಕೊನೆಯ ದಿನದ ಕೊನೆಯ ಗಂಟೆಯ ಪಣವಾಯಿತು. ಸೆಬಿಯ 2024ರ ಅಧ್ಯಯನದ ಪ್ರಕಾರ ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ. 93 ಮಂದಿ ನಷ್ಟ ಕಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತು. 2023-24ರಲ್ಲಿ ಹೀಗೆ ವ್ಯವಹರಿಸಿದವರಲ್ಲಿ ಶೇ. 43 ಮಂದಿ ಮೂವತ್ತರೊಳಗಿನವರು; ಮುಕ್ಕಾಲುಪಾಲಿಗೂ ಹೆಚ್ಚು ಮಂದಿಯ ವರ್ಷದ ಆದಾಯ ಐದು ಲಕ್ಷದ ಕೆಳಗೆ. ಅದೇ ವರ್ಷ ಸ್ವಂತ ಖಾತೆಯಲ್ಲಿ ವ್ಯವಹರಿಸುವ ಸಂಸ್ಥೆಗಳು ಮತ್ತು ವಿದೇಶಿ ಹೂಡಿಕೆದಾರರು ಸೇರಿ 60,000 ಕೋಟಿಗೂ ಮಿಕ್ಕಿ ಗಳಿಸಿದರು, ಬಹುಪಾಲು ಕಂಪ್ಯೂಟರ್ ಆಧಾರಿತ ವಹಿವಾಟಿನಿಂದ. ಗಾಡಿಯ ಬಾಗಿಲಲ್ಲಿ ಜೋತು ನಿಂತು ಮೊಬೈಲ್ ಒತ್ತುವ ನಮ್ಮ ಹುಡುಗನ ಎದುರಾಳಿ ಆ ಯಂತ್ರ.

2024ರ ನವೆಂಬರಿನಿಂದ ಸೆಬಿ ಒಂದು ಷೇರುಪೇಟೆಗೆ ಒಂದೇ ಸೂಚ್ಯಂಕದ ವಾರದ ಎಕ್ಸ್‌ಪೈರಿ ಎಂದು ಕಟ್ಟು ಹಾಕಿತು, ಸೂಚ್ಯಂಕದ ಕರಾರಿನ ಕನಿಷ್ಠ ಮೌಲ್ಯವನ್ನು 15 ಲಕ್ಷಕ್ಕೆ ಏರಿಸಿತು. ಒಳ್ಳೆಯ ಕ್ರಮ, ಸಾಲದು. ಮರುವರ್ಷದ ಲೆಕ್ಕದಲ್ಲೂ ಹತ್ತರಲ್ಲಿ ಒಂಬತ್ತು ಮಂದಿಗೆ ನಷ್ಟವೇ ಆಗಿದೆ. ಆಪ್ಷನ್ ನಿಷೇಧಿಸಬೇಕೆಂದು ನಾನು ಹೇಳುವುದಿಲ್ಲ. ನಿಷೇಧಿಸಿದಾಗ ಏನಾಯಿತೆಂದು ಮಟ್ಕಾ, ಬದ್ಲಾಗಳಲ್ಲಿ ನೋಡಿದ್ದೇವೆ. ತಿಂಗಳಿಗೂ ಕಡಿಮೆ ಅವಧಿಯ ಆಪ್ಷನ್ ಮಾತ್ರ ಸಾಮಾನ್ಯ ಸಂಬಳದಾರನಿಗೆ ಬೇಡವೇ ಬೇಡ.

ಕಲಿಯಲೇಬೇಕು ಎನ್ನುವವರಿಗೆ ದಾರಿ ದೂರವಿಲ್ಲ. ಸೆಬಿ 2006ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಷೇರುಪೇಟೆ ಶಿಕ್ಷಣ ಸಂಸ್ಥೆ, ಎನ್‌ಐಎಸ್‌ಎಂ, ನವಿಮುಂಬಯಿಯ ವಾಶಿಯಲ್ಲಿ ಬೆಳೆದದ್ದು; ಪಾತಾಳಗಂಗಾದಲ್ಲಿ ಅದರ ದೊಡ್ಡ ಆವರಣವಿದೆ. ಈಕ್ವಿಟಿ ಡೆರಿವೇಟಿವ್ಸ್ ಬಗ್ಗೆ ಅದರದ್ದೇ ಪಠ್ಯ, ಪರೀಕ್ಷೆ ಇವೆ. ಅದನ್ನು ಓದಿದ ಮೇಲೂ ವಿಐಎಕ್ಸ್ ಎಷ್ಟಿದೆಯೆಂದು ನೋಡದೆ ಒಂದು ಲಾಟನ್ನೂ ಮುಟ್ಟಬೇಡಿ. ಸಾಲದ ಹಣ, ಮಕ್ಕಳ ಶಾಲೆಯ ಹಣ, ಮನೆಯ ಕಂತಿನ ಹಣ ಅಲ್ಲಿಗೆ ಹೋಗದಿರಲಿ. ಈಗಾಗಲೇ ವ್ಯವಹಾರ ಮಾಡುತ್ತಿರುವವರು ತಮ್ಮ ಬ್ರೋಕರಿನಿಂದ ಕಳೆದ ವರ್ಷದ ಲಾಭ-ನಷ್ಟದ ಪಟ್ಟಿ ತೆಗೆದು, ಖರ್ಚು ತೆರಿಗೆ ಕಳೆದು ಉಳಿದದ್ದೆಷ್ಟೆಂದು ಮನೆಯವರ ಜೊತೆ ಕೂತು ಓದಿ. ಈ ವಾರವೇ ಓದಿ.