ಊರುಗೋಲಿಗೆ ನಾಚಿಕೆಯೇಕೆ?

(ಫೆಬ್ರವರಿ 2, ಬಾಲಯೇಸುವಿನ ಸಮರ್ಪಣೆಯ ಹಬ್ಬದ ಪ್ರಬೋಧನೆ. ಶುಭಸಂದೇಶ: ಲೂಕ 2:22-40)



ಕ್ರಿಸ್ತಜಯಂತಿಯಿಂದ ಎಣಿಸಿದರೆ ಇಂದು 40ನೆಯ ದಿನ. ಉರಿಯುವ ಮೇಣದಬತ್ತಿಗಳನ್ನು ಹಿಡಿದು ನಾವೆಲ್ಲರೂ ಮೆರವಣಿಗೆಯಲ್ಲಿ ದೇವಾಲಯದೊಳಕ್ಕೆ ಬಂದಿದ್ದೇವೆ. ಮೋಶೆಯ ಧರ್ಮಶಾಸ್ತ್ರದ ಕಟ್ಟಳೆಯಂತೆ ಜೋಸೆಫರೂ ಮರಿಯಮ್ಮನವರೂ ಬಾಲಯೇಸುವನ್ನು ಎತ್ತಿಕೊಂಡು ಜೆರುಸಲೇಮಿನ ದೇವಾಲಯಕ್ಕೆ ಬಂದ ದಿನವನ್ನು ನಾವು ಸ್ಮರಿಸುತ್ತಿದ್ದೇವೆ. ಕುರಿಮರಿ ಕೊಳ್ಳುವ ಶಕ್ತಿ ಇಲ್ಲದವರಿಗೆ ಶಾಸ್ತ್ರ ಅನುಮತಿಸಿದ್ದ ಜೋಡಿ ಹಕ್ಕಿಗಳೇ ಅವರ ಕಾಣಿಕೆ. ಅಷ್ಟು ದೊಡ್ಡ ದೇವಾಲಯದಲ್ಲಿ ಯಾಜಕರಿಗೇನೂ ಕೊರತೆ ಇರಲಿಲ್ಲ, ಜನಕ್ಕೂ ಕೊರತೆ ಇರಲಿಲ್ಲ. ಆದರೂ ಈ ಬಡ ದಂಪತಿಯ ತೋಳಿನಲ್ಲಿದ್ದ ಮಗು ಯಾರೆಂದು ಗುರುತಿಸಿದವರಾಗಿ ಶುಭಸಂದೇಶ ಹೆಸರಿಸುವುದು ಇಬ್ಬರನ್ನೇ: ಸಿಮೆಯೋನ ಮತ್ತು ಅನ್ನ.

ಸಿಮೆಯೋನರ ವಯಸ್ಸನ್ನು ಸಂತ ಲೂಕರು ಹೇಳುವುದಿಲ್ಲ. ಅನ್ನಳ ವಿಷಯದಲ್ಲಿ ಮಾತ್ರ ವಿವರವಾಗಿ ಬರೆಯುತ್ತಾರೆ. ಮದುವೆಯಾಗಿ 7 ವರ್ಷ ಸಂಸಾರ ಮಾಡಿದಳು, ಆಮೇಲೆ ವಿಧವೆಯಾದಳು, ಈಗ 84 ವರ್ಷ. ದೇವಾಲಯವನ್ನು ಬಿಟ್ಟು ಹೋಗುತ್ತಿರಲಿಲ್ಲ. ಹಗಲಿರುಳು ಉಪವಾಸ, ಪ್ರಾರ್ಥನೆ. ಇಂದು ನಮ್ಮ ಬೀದಿಯಲ್ಲಿ ಇಂಥ ಅಜ್ಜಿ ಇದ್ದಿದ್ದರೆ ನಾವು ಏನನ್ನುತ್ತಿದ್ದೆವು? "ಅಜ್ಜಿಗೆ ಬೇರೆ ಕೆಲಸವಿಲ್ಲ, ಹೊತ್ತು ಹುಟ್ಟಿದರೂ ಗುಡಿ, ಮುಳುಗಿದರೂ ಗುಡಿ" ಎಂದು ನಗುತ್ತಿದ್ದೆವೇನೋ. ಆದರೆ ಆ ಮುದಿ ಅಭ್ಯಾಸವೇ ಆಕೆಯನ್ನು ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ನಿಲ್ಲಿಸಿತು. ದಿನವೂ ಬರುತ್ತಿದ್ದವಳು ಅಂದೂ ಬಂದಿದ್ದಳು. ಪ್ರಭುವೂ ಅಂದೇ ಬಂದರು.

ಪ್ರಿಯರೇ, ವಯಸ್ಸಾಗುವುದಕ್ಕಿಂತ ವಯಸ್ಸಾದವರಂತೆ ಕಾಣುವುದಕ್ಕೆ ನಾವು ಹೆದರುತ್ತೇವೆ. ವೈದ್ಯರು ಹೇಳಿದ ಊರುಗೋಲು ಬಾಗಿಲ ಹಿಂದೆ ನಿಂತಿರುತ್ತದೆ. ಮದುವೆಮನೆಗೆ ಅದನ್ನು ಹಿಡಿದು ಹೋಗಲು ಮನಸ್ಸಿಲ್ಲ. ಮಂಡಿ ನೋಯುತ್ತಿದ್ದರೂ, ನೋಡಿದವರು ಏನೆಂದುಕೊಂಡಾರೋ ಎಂದು ಹಲ್ಲು ಕಚ್ಚಿ ಮಂಡಿಯೂರುತ್ತೇವೆ. ಬೆಳಗಿನ ಪೂಜೆಗೆ ಮಂಕಿ ಕ್ಯಾಪ್ ಹಾಕಿಕೊಂಡು ಹೊರಟರೆ, "ಅಪ್ಪಾ, ಅದನ್ನ ತೆಗೀರಿ, ಮುದುಕರ ಥರ ಕಾಣ್ತೀರ" ಎಂದು ಮಗಳು ಹೇಳುತ್ತಾಳೆ. ಎಪ್ಪತ್ತು ದಾಟಿದವರು ಮುದುಕರ ಹಾಗೆ ಕಾಣದೆ ಇನ್ನು ಯಾರ ಹಾಗೆ ಕಾಣಬೇಕು?

ಪ್ರಬೋಧನೆ ಮಾಡುವ ನಾವೂ ಇದಕ್ಕೆ ಹೊರತಲ್ಲ. ಕೆಲವು ವರ್ಷಗಳಿಂದ ನಮ್ಮ ಕಿವಿ ಮಂದವಾಗುತ್ತಿತ್ತು. ಅದನ್ನು ಯಾರಿಗೂ ತೋರಿಸಿಕೊಳ್ಳಲಿಲ್ಲ. ಒಂದು ಭಾನುವಾರ ಬಲಿಪೂಜೆ ಮುಗಿಸಿ ದೇವಾಲಯದ ಬಾಗಿಲಲ್ಲಿ ನಿಂತಿದ್ದೆವು. ಒಬ್ಬ ತಾಯಿ ಹತ್ತಿರ ಬಂದು ಏನೋ ಹೇಳಿದರು. ಜನರ ಗದ್ದಲದಲ್ಲಿ ಕೇಳಿಸಲಿಲ್ಲ. "ಇನ್ನೊಂದು ಸಲ ಹೇಳಮ್ಮ" ಎನ್ನಲು ನಮಗೆ ನಾಚಿಕೆ. ನಕ್ಕು, "ಒಳ್ಳೆಯದಮ್ಮ, ದೇವರು ಆಶೀರ್ವದಿಸಲಿ" ಎಂದೆವು. ಆಕೆ ಒಂದು ಕ್ಷಣ ನಮ್ಮ ಮುಖ ನೋಡಿ ಹೊರಟುಹೋದರು. ಮಾರನೆಯ ದಿನ ಸಂಜೆ ಅವರ ಮಗ ಬಂದ. "ಸ್ವಾಮಿ, ಅಜ್ಜಿಗೆ ಅಭ್ಯಂಗ ಕೊಡೋಕೆ ಬರ್ತೀರ ಅಂತ ನಿನ್ನೆಯಿಂದ ಕಾಯ್ತಾ ಇದ್ದೀವಿ" ಎಂದ.

ಪವಿತ್ರ ತೈಲವನ್ನು ತೆಗೆದುಕೊಂಡು ಆ ಕ್ಷಣವೇ ಹೊರಟೆವು. ಅಜ್ಜಿಗೆ ಇನ್ನೂ ಪ್ರಜ್ಞೆ ಇತ್ತು. ಅಭ್ಯಂಗ ಪಡೆದು, ಪರಮಪ್ರಸಾದ ಸ್ವೀಕರಿಸಿದರು. ಬೆಳಗಿನ ಜಾವ ತೀರಿಕೊಂಡರು. ಆ ಹುಡುಗ ಬರುವುದು ಒಂದು ದಿನ ತಡವಾಗಿದ್ದರೆ? ಕಿವುಡರೆನಿಸಿಕೊಳ್ಳಬಾರದೆಂಬ ನಮ್ಮ ಹಮ್ಮಿಗಾಗಿ ಒಂದು ಆತ್ಮ ಸಂಸ್ಕಾರವಿಲ್ಲದೆ ಹೋಗಬೇಕಾಗಿತ್ತು. ಆ ವಾರವೇ ಹೋಗಿ ಕಿವಿಗೆ ಮೆಷಿನ್ ಹಾಕಿಸಿಕೊಂಡೆವು. ಈಗ ಯಾರಾದರೂ ಮಾತನಾಡಿಸಿದರೆ ಕೈಯನ್ನು ಕಿವಿಗೆ ಹಿಡಿದು, "ಜೋರಾಗಿ ಹೇಳಪ್ಪ" ಎನ್ನುತ್ತೇವೆ. ಚಿಕ್ಕ ಮಕ್ಕಳು ನಮ್ಮನ್ನು ಅನುಕರಿಸಿ ನಗುತ್ತಾರೆ. ನಗಲಿ.

ಯೇಸುಸ್ವಾಮಿ ಪುನರುತ್ಥಾನದ ನಂತರ ಸಂತ ಪೇತ್ರರಿಗೆ ಇದನ್ನೇ ಮುಂಚಿತವಾಗಿ ತಿಳಿಸಿದರು. ಯೌವನದಲ್ಲಿ ತಾನೇ ನಡುಕಟ್ಟಿಕೊಂಡು ಬೇಕಾದಲ್ಲಿ ಓಡಾಡಿದವನು, ಮುಪ್ಪಿನಲ್ಲಿ ಕೈಚಾಚಬೇಕಾಗುತ್ತದೆ, ಬೇರೊಬ್ಬರು ನಡುಕಟ್ಟುತ್ತಾರೆ ಎಂದರು (ಯೊವಾನ್ನ 21:18). ಅದು ಪೇತ್ರರ ರಕ್ತಸಾಕ್ಷಿ ಮರಣದ ಸೂಚನೆ. ಕೈಚಾಚುವುದನ್ನು ಕಲಿಯುವುದು ನಮಗೂ ಒಂದು ಚಿಕ್ಕ ಮರಣವೇ. ಪೇತ್ರರ ಪೀಠದಲ್ಲಿ ಕುಳಿತವರೂ ಅದನ್ನು ಕಲಿತರು. ಜಗದ್ಗುರು ಎರಡನೆಯ ಜಾನ್ ಪೌಲರು 1999ರಲ್ಲಿ ತಮ್ಮ 79ನೆಯ ವಯಸ್ಸಿನಲ್ಲಿ ವೃದ್ಧರಿಗೆಂದೇ ಒಂದು ಪತ್ರ ಬರೆದರು. ನಡುಗುವ ಕೈಗಳನ್ನು 2005ರಲ್ಲಿ ನಿಧನರಾಗುವವರೆಗೂ ಲೋಕದಿಂದ ಮರೆಮಾಡಲಿಲ್ಲ. ಜಗದ್ಗುರು ಫ್ರಾನ್ಸಿಸರು 2022ರಲ್ಲಿ ಗಾಲಿಕುರ್ಚಿ ಹಿಡಿದರು. 2025ರ ಏಪ್ರಿಲ್ 20ರಂದು, ಪಾಸ್ಕ ಹಬ್ಬದ ದಿನ, ಅದೇ ಕುರ್ಚಿಯಲ್ಲಿ ಜನರ ಮುಂದೆ ಬಂದು ಆಶೀರ್ವದಿಸಿದರು. ಮರುದಿನ ಪ್ರಭುವಿನೆಡೆಗೆ ಹೋದರು. ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ವೃದ್ಧರ ದಿನವೆಂದು ಅವರು 2021ರ ಜನವರಿ 31ರಂದು ಘೋಷಿಸಿದಾಗ, ಎರಡು ದಿನಗಳಲ್ಲಿ ಬರಲಿದ್ದ ಈ ಹಬ್ಬವನ್ನೂ ಸಿಮೆಯೋನ, ಅನ್ನರನ್ನೂ ನೆನಪಿಸಿದ್ದರು.

ಹಾಗೆಂದು ಮುದಿತನದ ಎಲ್ಲ ಅಭ್ಯಾಸಗಳೂ ಒಳ್ಳೆಯವಲ್ಲ. ಸೊಸೆ ಮಾಡಿದ ಸಾರಿಗೆ ದಿನವೂ ಕೊಂಕು ತೆಗೆಯುವುದು, ಮಾತೆತ್ತಿದರೆ "ನಮ್ಮ ಕಾಲದಲ್ಲಿ" ಎನ್ನುವುದು, ಬೀರುವಿನ ಬೀಗದ ಕೈಯನ್ನು ಕೊನೆಯ ಉಸಿರಿನವರೆಗೂ ಸೊಂಟದಿಂದ ಬಿಡದಿರುವುದು, ಇವು ವಯಸ್ಸಿನ ಗುರುತಲ್ಲ, ಮನಸ್ಸಿನ ಬಿಗುವು. ಸಿಮೆಯೋನರನ್ನು ನೋಡಿ. ಜೀವಮಾನವಿಡೀ ಕಾದಿದ್ದ ಮಗುವನ್ನು ತೋಳಿನಲ್ಲಿ ಎತ್ತಿಕೊಂಡರು, ದೇವರನ್ನು ಕೊಂಡಾಡಿದರು, ಇನ್ನು ಶಾಂತಿಯಿಂದ ಹೊರಡುತ್ತೇನೆಂದರು. ಮಗುವನ್ನು ತಾಯಿಯ ಮಡಿಲಿಗೇ ಬಿಟ್ಟರು. ಹಿಡಿಯುವುದೂ ಗೊತ್ತಿತ್ತು, ಬಿಡುವುದೂ ಗೊತ್ತಿತ್ತು.

ಯುವಜನರೇ, ನಿಮಗೂ ಒಂದು ಮಾತು. ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತಂತೆ. ಅಜ್ಜಿ ಏಳು ಗಂಟೆಗೆ ಟಿವಿ ಆರಿಸಿ ಜಪಸರಕ್ಕೆ ಕರೆದರೆ ಮುಖ ಸಿಂಡರಿಸಬೇಡಿ. ನಿಮ್ಮ ಪರೀಕ್ಷೆ, ನಿಮ್ಮ ಕೆಲಸ, ನಿಮ್ಮ ಮದುವೆ ಎಲ್ಲವೂ ಆ ಮಣಿಗಳ ಮೇಲೆ ಎಷ್ಟೋ ಸಲ ಉರುಳಿವೆ. ಕೇಳಿಸದವರಿಗೆ ಬೇಸರಪಡದೆ ಎರಡನೆಯ ಸಲ ಹೇಳಿ. ಪೂಜೆಗೆ ಬರುವಾಗ ಅಜ್ಜನ ಹೆಜ್ಜೆಗೆ ನಿಮ್ಮ ಹೆಜ್ಜೆ ಹೊಂದಿಸಿ. ಅಂದು ದೇವಾಲಯದಲ್ಲಿ ಯುವ ತಾಯಿ ಮರಿಯಮ್ಮನವರು ನಿಂತು ಸಿಮೆಯೋನರ ಮಾತನ್ನು ಪೂರ್ತಿ ಕೇಳಿದರು. ತಮ್ಮ ಹೃದಯವನ್ನು ಇರಿಯುವ ಕತ್ತಿಯ ಮಾತನ್ನೂ ಕೇಳಿದರು.

ಹಿರಿಯರೇ, ಇಂದು ಮನೆಗೆ ಹೋದ ಮೇಲೆ ಬಾಗಿಲ ಹಿಂದಿನ ಊರುಗೋಲನ್ನು ಕೈಗೆತ್ತಿಕೊಳ್ಳಿ. ಮುಂದಿನ ಭಾನುವಾರ ಅದನ್ನು ಹಿಡಿದೇ ಬನ್ನಿ. ಮಂಡಿಯೂರಲಾಗದಿದ್ದರೆ ಕುಳಿತೇ ಪ್ರಾರ್ಥಿಸಿ, ಪ್ರಭು ತಪ್ಪು ತಿಳಿಯುವುದಿಲ್ಲ. ನಮ್ಮ ಕೈಯಲ್ಲಿರುವ ಈ ಮೇಣದಬತ್ತಿ ಮೆರವಣಿಗೆ ಮುಗಿಯುವಷ್ಟರಲ್ಲಿ ಗಿಡ್ಡವಾಗಿದೆ. ಬೆಳಕು ಮಾತ್ರ ಕಡಿಮೆಯಾಗಿಲ್ಲ. ಅನ್ನಳಂತೆ ದಿನವೂ ಬಂದು ಕಾಯುವ, ಸಿಮೆಯೋನರಂತೆ ಶಾಂತಿಯಿಂದ ಹೊರಡುವ ವರವನ್ನು ಬಾಲಯೇಸು ನಮ್ಮೆಲ್ಲರಿಗೂ ಕರುಣಿಸಲಿ. ಆಮೆನ್.